ಗುಟ್ಟಿನ ಪ್ಲೇಟುಗಳು

ಹಳೆಯ ಫಂಕ್ ಮತ್ತು ಸೋಲ್ ರೆಕಾರ್ಡು ಹುಡುಕುವವರ ಕುಲಕ್ಕೆ ಒಂದು ವಿಚಿತ್ರ ಧರ್ಮವಿದೆ. ಹಾಡು ಎಷ್ಟೇ ಚೆನ್ನಾಗಿರಲಿ, ನಾಲ್ಕು ಜನಕ್ಕೆ ಗೊತ್ತಾಯಿತೋ, ರುಚಿ ಕೆಟ್ಟಿತು. ಸ್ಟೀವಿ ವಂಡರ್, ಅರೀಥಾ ಫ್ರಾಂಕ್ಲಿನ್ ದೊಡ್ಡವರೇ, ಅದರಲ್ಲಿ ತಕರಾರಿಲ್ಲ. ಆದರೆ ಅವರ ಹೆಸರು ಹೇಳಿದರೆ ನಮ್ಮವರು ಕಾಫಿ ಕುಡಿಯುವುದನ್ನು ನಿಲ್ಲಿಸುವುದಿಲ್ಲ. ಯಾವುದೋ ಸಣ್ಣ ಊರಿನ ಗ್ಯಾರೇಜಿನಲ್ಲಿ ಧ್ವನಿಮುದ್ರಿಸಿ, ಐನೂರು ಪ್ರತಿ ಅಚ್ಚು ಹಾಕಿಸಿ, ಮುಕ್ಕಾಲು ಪಾಲು ಮಾರಾಟವಾಗದೆ ಉಳಿದು, ಉಳಿದದ್ದರ ಮೇಲೆ ನೆಲಮಾಳಿಗೆಯ ನೀರು ಹರಿದ ಪ್ಲೇಟಿನ ಹೆಸರು ಹೇಳಿ ನೋಡಿ. ಕೋಣೆಯೇ ಮೌನವಾಗುತ್ತದೆ. ಹಾಡಿದವನು ಎಷ್ಟು ನೆಲ ಕಚ್ಚಿದ್ದನೋ ಹುಡುಕಿದವನ ಕೀರ್ತಿ ಅಷ್ಟು ಎತ್ತರ.

ನಾನು ಷಿಕಾಗೋಗೆ ಕಂಪ್ಯೂಟರ್ ಕೆಲಸಕ್ಕೆಂದು ಬಂದು ಈ ಕುಲಕ್ಕೆ ಸೇರಿಕೊಂಡವನು. ತಪ್ಪು ಊರಿನದೂ ಇದೆ. ಇಲ್ಲಿನ ಸೌತ್ ಮಿಶಿಗನ್ ಅವೆನ್ಯೂವಿನ ಒಂದಷ್ಟು ದೂರಕ್ಕೆ ಅರವತ್ತರ ದಶಕದಲ್ಲಿ ‘ರೆಕಾರ್ಡ್ ರೋ’ ಎಂದೇ ಹೆಸರಿತ್ತು. ಚೆಸ್, ವೀ-ಜೇ, ಬ್ರನ್ಸ್‌ವಿಕ್ ಕಂಪನಿಗಳೆಲ್ಲ ಅದೇ ಬೀದಿಯಲ್ಲಿದ್ದವು. ಅಲ್ಲಿಂದ ಹೊರಟು ಎಲ್ಲೂ ತಲುಪದೆ ಹೋದ ಪ್ಲೇಟುಗಳು ಈಗಲೂ ಊರಿನ ನೆಲಮಾಳಿಗೆಗಳಲ್ಲಿ ಧೂಳು ಹೊದ್ದು ಮಲಗಿವೆ. ಅವನ್ನು ಎಬ್ಬಿಸುವ ಕೆಲಸಕ್ಕೆ ಕ್ರೇಟ್ ಡಿಗ್ಗಿಂಗ್ ಎನ್ನುತ್ತಾರೆ. ಅಂದರೆ ಪೆಟ್ಟಿಗೆ ಕೆದಕುವುದು.

ಅಂಗಡಿಯ ಮೇಲಿನ ಸಾಲುಗಳಲ್ಲಿರುವುದು ಗಿರಾಕಿಗಳಿಗೆ. ಮೇಜಿನ ಕೆಳಗೆ, ಮಂಡಿಯೂರಿದರಷ್ಟೇ ಕೈಗೆಟುಕುವ ಒಂದು ಡಾಲರಿನ ಪೆಟ್ಟಿಗೆಗಳು ಭಕ್ತರಿಗೆ. ದೇವಸ್ಥಾನದಲ್ಲಿ ಮಂಡಿನೋವೆಂದು ನಿಂತೇ ಕೈಮುಗಿಯುವ ನಾನು ಅಲ್ಲಿ ಗಂಟೆಗಟ್ಟಲೆ ನೆಲ ಬಿಟ್ಟೇಳುವುದಿಲ್ಲ. ಮನೆಯ ಹಿರಿಯರು ತೀರಿಕೊಂಡ ಮೇಲೆ ಬಾಗಿಲು ತೆರೆದಿಟ್ಟು ಚಮಚದಿಂದ ಸೋಫಾವರೆಗೆ ಎಲ್ಲವನ್ನೂ ಮಾರುವ ಎಸ್ಟೇಟ್ ಸೇಲ್‌ಗಳಿಗೂ ಹೋಗುತ್ತೇನೆ. ಉಳಿದವರು ಪಿಂಗಾಣಿ ನೋಡುತ್ತಿದ್ದರೆ ನಾನು ನೇರ ನೆಲಮಾಳಿಗೆಗೆ ಇಳಿಯುತ್ತೇನೆ.

ಕೆದಕುವುದಕ್ಕೂ ಶಾಸ್ತ್ರವಿದೆ. ಕಂಪನಿಯ ಹೆಸರು ಕೇಳಿರಬಾರದು. ವಿಳಾಸ ಆಫೀಸಿನದಲ್ಲ, ಯಾರದೋ ಮನೆಯದಾಗಿರಬೇಕು. ಹೊದಿಕೆಯ ಫೋಟೋದಲ್ಲಿ ಎಂಟು ಹತ್ತು ಜನ ಒಂದೇ ಥಾನಿನ ಬಟ್ಟೆಯ ಸೂಟು ಹೊಲಿಸಿಕೊಂಡು ನಿಂತಿರಬೇಕು, ಮೂವರ ಕೈಯಲ್ಲಾದರೂ ಹಿತ್ತಾಳೆ ವಾದ್ಯವಿರಬೇಕು. ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಗೆರೆಗಳ ನಡುವೆ ಛಾಯೆ ಬದಲಾದ ಪಟ್ಟಿಯೊಂದು ಕಾಣಬೇಕು. ಉಳಿದ ವಾದ್ಯಗಳೆಲ್ಲ ಬಾಯಿಮುಚ್ಚಿ ಡ್ರಮ್ ಒಂದೇ ನುಡಿಯುವ ಜಾಗ ಅದು. ಅದನ್ನು ‘ಬ್ರೇಕ್’ ಎನ್ನುತ್ತಾರೆ. ಹಿಪ್‌ಹಾಪ್ ಎಂಬ ಇಡೀ ಸಂಸಾರ ನಿಂತಿರುವುದು ಈ ಪಟ್ಟಿಯ ಮೇಲೆ.

ಮೈಸೂರಿನ ಹೈಸ್ಕೂಲೊಂದರಲ್ಲಿ ಗಣಿತ ಪಾಠ ಹೇಳಿ ನಿವೃತ್ತರಾದ ಅಪ್ಪ ಬೇಸಿಗೆ ಕಳೆಯಲು ಬಂದಾಗ ಅವರನ್ನೂ ಅಂಗಡಿಗೆ ಕರೆದುಕೊಂಡು ಹೋದೆ. ಅವರು ಎಳೆದ ಮೊದಲ ಪ್ಲೇಟೇ ಹರ್ಬ್ ಆಲ್ಪರ್ಟ್ ಅವರ 1965ರ ‘ವಿಪ್ಡ್ ಕ್ರೀಮ್ ಅಂಡ್ ಅದರ್ ಡಿಲೈಟ್ಸ್’. ಲಕ್ಷಗಟ್ಟಲೆ ಮಾರಾಟವಾಗಿ, ಅಮೆರಿಕದ ಹಳೆ ಸಾಮಾನಿನ ಅಂಗಡಿಗಳಲ್ಲೆಲ್ಲ ಬಿದ್ದಿರುವ ಆಲ್ಬಮ್ ಅದು. ಮುಖಪುಟದಲ್ಲಿ ಬರೀ ಕೆನೆಯನ್ನೇ ಉಟ್ಟುಕೊಂಡ ಹೆಣ್ಣುಮಗಳು ಕೂತಿದ್ದಾಳೆ. ಅಪ್ಪ ಛಾವಣಿ ನೋಡತೊಡಗಿದರು.

“ಅದು ಬಹುಪಾಲು ಷೇವಿಂಗ್ ಕ್ರೀಮಂತೆ ಅಪ್ಪ,” ಎಂದೆ, ಸಮಾಧಾನಕ್ಕೆ.

“ಯಾವುದಾದ್ರೇನು, ಮೊದಲು ಮುಚ್ಚಿಡು.”

ಆಮೇಲೆ ಕುರ್ಚಿ ಎಳೆದು ಕೂತು, ಧೂಳಿನಿಂದ ಕಪ್ಪಾದ ನನ್ನ ಬೆರಳುಗಳನ್ನು ನೋಡುತ್ತ, ಮೇಷ್ಟ್ರ ದನಿಯಲ್ಲಿ ಕೇಳಿದರು: “ಅಷ್ಟು ಚೆನ್ನಾಗಿದ್ದಿದ್ರೆ ಎಲ್ಲಾರ್ಗೂ ಗೊತ್ತಿರ್ತಿರ್ಲಿಲ್ವೇನೋ?”

ಇದು ನಮ್ಮ ಕುಲದ ಬುಡಕ್ಕೇ ಕೊಡಲಿ ಹಾಕುವ ಪ್ರಶ್ನೆ. ಉತ್ತರವಿಲ್ಲದ್ದೇನಲ್ಲ. ಸಣ್ಣ ಕಂಪನಿಯೆಂದರೆ ಸಾಮಾನ್ಯವಾಗಿ ಒಬ್ಬ ಮನುಷ್ಯ, ಒಂದು ಕಾರು. ಕಾರಿನ ಡಿಕ್ಕಿಯೇ ಗೋದಾಮು. ರೇಡಿಯೊದವರು ಪ್ಲೇಟು ಹಾಕಬೇಕಾದರೆ ಕೈ ಬಿಸಿ ಮಾಡಬೇಕಿತ್ತು. 1960ರಲ್ಲಿ ಅದರ ವಿರುದ್ಧ ಕಾನೂನು ಬಂದ ಮೇಲೆ ಲಂಚ ಮೇಜಿನ ಕೆಳಗೆ ಹೋಯಿತೇ ಹೊರತು ಊರು ಬಿಡಲಿಲ್ಲ. ಹಾಡು ಸೋತರೆ ಸಾಲ. ಗೆದ್ದರೆ ಇನ್ನೂ ದೊಡ್ಡ ಸಾಲ! ಸಾವಿರಾರು ಪ್ರತಿ ಅಚ್ಚು ಹಾಕಿದ ಕಾರ್ಖಾನೆಗೆ ದುಡ್ಡು ಈಗಲೇ ಕೊಡಬೇಕು, ಮಾರಿದ ವಿತರಕ ಕೊಡುವುದು ಯಾವಾಗಲೋ. ನಮ್ಮೂರಿನ ವೀ-ಜೇಯನ್ನೇ ನೋಡಿ. ಕಪ್ಪು ಜನರೇ ಕಟ್ಟಿ ನಡೆಸಿದ ಕಂಪನಿ. ಬೀಟಲ್ಸ್ ಹಾಡುಗಳನ್ನು ಅಮೆರಿಕದಲ್ಲಿ ಮೊದಲು ಮಾರಿದವರಲ್ಲಿ ಒಂದು. ಲಕ್ಷಲಕ್ಷ ಪ್ಲೇಟು ಮಾರಿಯೂ 1966ರಲ್ಲಿ ದಿವಾಳಿಯೆದ್ದಿತು.

ಅಪ್ಪ ಎಲ್ಲವನ್ನೂ ಕೇಳಿ, “ಹಂಗಾದ್ರೆ ತಪ್ಪು ಹಾಡಿಂದಲ್ಲ, ಲೆಕ್ಕದ್ದು,” ಎಂದರು. ಗಣಿತದ ಮೇಷ್ಟ್ರು.

ಅವರು ಒಪ್ಪದ್ದು ನಮ್ಮ ಗುಟ್ಟಿನ ವ್ಯವಹಾರವನ್ನು. ಹೆಸರು ಮುಚ್ಚಿಡುವುದು ನಮ್ಮಲ್ಲಿ ಹಳೆಯ ಸಂಪ್ರದಾಯ. 1973ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ತಂಗಿ ಏರ್ಪಡಿಸಿದ್ದ ಪಾರ್ಟಿಗೆ ಪ್ಲೇಟು ಹಾಕಿ ಹಿಪ್‌ಹಾಪಿಗೆ ನಾಂದಿ ಹಾಡಿದ ಡಿಜೆ ಕೂಲ್ ಹರ್ಕ್, ತನ್ನ ರೆಕಾರ್ಡುಗಳ ಲೇಬಲ್ಲುಗಳನ್ನು ನೀರಲ್ಲಿ ನೆನೆಸಿ ಕಿತ್ತುಬಿಡುತ್ತಿದ್ದ. ಪಕ್ಕದ ಬೀದಿಯವನಿಗೆ ಯಾವ ಹಾಡೆಂದು ತಿಳಿಯಬಾರದು, ಅಷ್ಟೆ. ಆ ಬುದ್ಧಿ ಹೇಳಿಕೊಟ್ಟದ್ದು ಅವನ ಅಪ್ಪನೇ.

ಇಂಗ್ಲೆಂಡಿನ ಉತ್ತರ ಭಾಗದವರು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿನ ಗಿರಣಿ ಊರುಗಳ ಹುಡುಗರು ಅಮೆರಿಕದಲ್ಲಿ ಯಾರೂ ಕೊಳ್ಳದ ಸೋಲ್ ಹಾಡುಗಳಿಗೆ ಮರುಳಾಗಿ, ವಿಗನ್ ಕಸೀನೊ ಎಂಬ ಸಭಾಂಗಣದಲ್ಲಿ 1973ರಿಂದ 1981ರವರೆಗೆ ರಾತ್ರಿಯಿಡೀ ಕುಣಿದರು. ಗಿರಕಿ ಹೊಡೆಯಲು ಸಲೀಸಾಗಲೆಂದು ನೆಲಕ್ಕೆ ಪೌಡರ್ ಉದುರಿಸಿಕೊಳ್ಳುತ್ತಿದ್ದರು. ಈ ‘ನಾರ್ದರ್ನ್ ಸೋಲ್’ ಲೋಕದ ಡಿಜೆಗಳು ಲೇಬಲ್ ಮುಚ್ಚುವುದರ ಜೊತೆಗೆ ಅದರ ಮೇಲೆ ಸುಳ್ಳು ಹೆಸರಿನ ಚೀಟಿಯನ್ನೂ ಅಂಟಿಸುತ್ತಿದ್ದರು. ಇಲ್ಲದ ಗಾಯಕ, ಇಲ್ಲದ ಹಾಡು! ಪ್ರತಿಸ್ಪರ್ಧಿ ಅಟ್ಲಾಂಟಿಕ್ ದಾಟಿ ಅದನ್ನೇ ಹುಡುಕುತ್ತ ಅಲೆಯಲಿ ಎಂದು.

ಅವರ ಆರಾಧ್ಯ ದೈವ ಫ್ರಾಂಕ್ ವಿಲ್ಸನ್. ಮೊಟೌನ್ ಕಂಪನಿ 1965ರಲ್ಲಿ ಅವರ ಹಾಡೊಂದನ್ನು ಅಚ್ಚು ಹಾಕಿಸಿ, ಬಿಡುಗಡೆಯಾಗುವ ಮೊದಲೇ ಕೈಬಿಟ್ಟಿತು. ಪ್ರತಿಗಳು ನಾಶವಾಗಿ ಬೆರಳೆಣಿಕೆಯಷ್ಟು ಉಳಿದವು. ಹಾಗೆ ಉಳಿದ ಒಂದು ಪ್ರತಿ 2009ರಲ್ಲಿ 25,742 ಪೌಂಡಿಗೆ ಮಾರಾಟವಾಯಿತು. ಆ ಹೊತ್ತಿಗೆ ವಿಲ್ಸನ್ ಬದುಕಿದ್ದರು. ಹಳೆಯ ಪ್ಲೇಟು ಕೈ ಬದಲಿಸಿದಾಗ ಮಾರಿದವನಿಗೆ ದುಡ್ಡು, ಕೊಂಡವನಿಗೆ ಹೆಮ್ಮೆ. ಹಾಡಿದವನಿಗೆ ಅದರಲ್ಲಿ ಪಾಲಿಲ್ಲ. ಅದು ನಮ್ಮ ಸಂತೆಯ ನಿಯಮ.

ಡ್ರಮ್ ನುಡಿಸಿದವನಿಗಂತೂ ಕೇಳುವುದೇ ಬೇಡ. ವಿನ್‌ಸ್ಟನ್ಸ್ ತಂಡದ 1969ರ ಪ್ಲೇಟಿನ ಹಿಂಬದಿಯಲ್ಲಿ ಗ್ರೆಗರಿ ಕೋಲ್ಮನ್ ನುಡಿಸಿದ ಆರೇಳು ಸೆಕೆಂಡನ್ನು ಕತ್ತರಿಸಿ ಸಾವಿರಾರು ಹಾಡುಗಳಿಗೆ ಅಂಟಿಸಿಕೊಂಡಿದ್ದಾರೆ. ಆತ ಮನೆಮಠವಿಲ್ಲದೆ 2006ರಲ್ಲಿ ತೀರಿಕೊಂಡ. ನಮ್ಮ ಷಿಕಾಗೋದ ಸಿಲ್ ಜಾನ್ಸನ್ ಮಾತ್ರ ಬೇರೆ ಜಾತಿ. ಹಾಡುವುದು ಸಾಕೆನಿಸಿ ಮೀನಿನ ಹೋಟೆಲು ಹಾಕಿದ್ದ ಈ ಮಹಾನುಭಾವ, ತನ್ನ ಹಳೆಯ ಹಾಡಿನ ತುಂಡುಗಳು ಊರವರ ಹಾಡಿನಲ್ಲೆಲ್ಲ ಕೇಳತೊಡಗಿದಾಗ ವಕೀಲರನ್ನು ಹಿಡಿದು ಒಬ್ಬೊಬ್ಬರ ಬೆನ್ನು ಹತ್ತಿದ. ಅಪ್ಪನಿಗೆ ಈ ಕಥೆ ಬಹಳ ಹಿಡಿಸಿತು.

ಅಪ್ಪ ವಾಪಸ್ಸು ಹೊರಡುವ ಮುನ್ನ ನನ್ನ ದೊಡ್ಡ ಗುಟ್ಟನ್ನು ಹೊರತೆಗೆದೆ. ಎಸ್ಟೇಟ್ ಸೇಲ್ ಒಂದರಲ್ಲಿ ಚರ್ಚಿನ ಭಜನೆಗಳ ನಡುವೆ ಸಿಕ್ಕ, ಮೂಲ ಅಚ್ಚಿನದೇ ಆದ ಕ್ಯಾಶ್ಮಿಯರ್ ಸ್ಟೇಜ್ ಬ್ಯಾಂಡ್ ಎಲ್‌ಪಿ. ಹೆಸರು ಕೇಳಿ ಅಪ್ಪ ಸಂತೂರ್ ಬರುತ್ತದೆಂದು ಕಣ್ಣು ಮುಚ್ಚಿ ಕೂತರು. ಬಂದದ್ದು ಒಂದು ಡಜನ್ ತುತ್ತೂರಿ. ಬೆಚ್ಚಿಬಿದ್ದವರು ನಿಧಾನವಾಗಿ ತೊಡೆ ತಟ್ಟತೊಡಗಿದರು. ಮದುವೆ ದಿಬ್ಬಣದ ಬ್ಯಾಂಡ್‌ಸೆಟ್ಟಿನವರು ಸಂಭಾವನೆ ಮುಂಗಡ ಸಿಕ್ಕಿದ ಖುಷಿಯಲ್ಲಿ ನುಡಿಸಿದ ಹಾಗಿದೆ ಎಂದರು. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರಕ್ಕೆ ಜಿ.ಕೆ. ವೆಂಕಟೇಶ್ ಇಂಥದೇನೋ ಮಾಡಿದ್ದರಲ್ಲ ಎಂದೂ ನೆನೆಸಿಕೊಂಡರು.

“ಯಾರಪ್ಪ ಇವರು?”

“ಹೈಸ್ಕೂಲ್ ಮಕ್ಕಳು.”

ಅಪ್ಪ ಎದ್ದು ಕೂತರು. ಮಿಕ್ಕದ್ದನ್ನೂ ಹೇಳಿದೆ. ಹ್ಯೂಸ್ಟನ್ನಿನ ಕ್ಯಾಶ್ಮಿಯರ್ ಹೈಸ್ಕೂಲಿನಲ್ಲಿ ಕಾನ್ರಾಡ್ ಜಾನ್ಸನ್ ಎಂಬ ಸಂಗೀತದ ಮೇಷ್ಟ್ರಿದ್ದರು. 1967ರಲ್ಲಿ ಓಟಿಸ್ ರೆಡ್ಡಿಂಗ್ ಅವರ ಕಛೇರಿ ನೋಡಿ ಬಂದು, ಶಾಲೆಯ ಜಾಜ್ ತಂಡಕ್ಕೆ ಫಂಕ್ ಕಲಿಸಿದರು. ಹುಡುಗರು ಸ್ಪರ್ಧೆಯ ಮೇಲೆ ಸ್ಪರ್ಧೆ ಗೆದ್ದರು, ಯೂರೋಪ್, ಜಪಾನ್ ಸುತ್ತಿ ಬಂದರು. ಪ್ಲೇಟುಗಳನ್ನು ತಾವೇ ಅಚ್ಚು ಹಾಕಿಸಿದರು. ಮೇಷ್ಟ್ರು 1978ರಲ್ಲಿ ನಿವೃತ್ತರಾದರು, ಊರು ಮರೆಯಿತು. ಪೆಟ್ಟಿಗೆ ಕೆದಕುವವರ ಕೈಗೆ ಪ್ಲೇಟುಗಳು ಸಿಕ್ಕಿ 2006ರಲ್ಲಿ ಮರುಮುದ್ರಣವಾದ ಮೇಲೆ ಜಗತ್ತು ಬೆರಗಾಯಿತು. 2008ರ ಫೆಬ್ರವರಿಯಲ್ಲಿ, ಕೆಲವರು ದಶಕಗಳಿಂದ ವಾದ್ಯ ಮುಟ್ಟದಿದ್ದರೂ, ಹಳೆಯ ವಿದ್ಯಾರ್ಥಿಗಳು ಮತ್ತೆ ಕೂಡಿ ಗುರುಗಳ ಎದುರು ನುಡಿಸಿದರು. ಅದನ್ನು ಕೇಳಿದ ಕೆಲವೇ ದಿನಕ್ಕೆ ಮೇಷ್ಟ್ರು ತೀರಿಕೊಂಡರು. ಅವರಿಗೆ 92 ವರ್ಷ.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ನಾನು ಅದನ್ನು ಒಳ್ಳೆಯ ಲಕ್ಷಣವೆಂದುಕೊಂಡೆ.

ಮರುದಿನ ಕನ್ನಡ ಕೂಟದ ಊಟ. ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತವರಿಗೆಲ್ಲ ಅಪ್ಪ ತಂಡದ ಹೆಸರು, ಶಾಲೆಯ ಹೆಸರು, ಇಸವಿ ಸಮೇತ ಹೇಳಿದರು. ತಪ್ಪಾಗಿ ಬರೆದುಕೊಂಡವರಿಗೆ ಕಾಗುಣಿತ ತಿದ್ದಿದರು. “ಮೇಷ್ಟ್ರು ಅಂದ್ರೆ ಹಂಗಿರ್ಬೇಕು” ಎಂದು ಪ್ರತಿ ಸಲವೂ ಕೊನೆಯಲ್ಲಿ ಸೇರಿಸಿದರು. ಮೊಸರನ್ನ ಬರುವ ಹೊತ್ತಿಗೆ ಹಾಡು ಕೂಟದ ವಾಟ್ಸಾಪ್ ಗುಂಪಿನಲ್ಲಿತ್ತು. ಈಗ ರಾಜ್ಯೋತ್ಸವಕ್ಕೆ ಮಕ್ಕಳ ಗುಂಪು ನೃತ್ಯ ಅದಕ್ಕೇ ಅಂತೆ. “ಪ್ಲೇಟು ನಿಮ್ಮ ಹತ್ರಾನೇ ಇದೆ ಅಂತ ಮೇಷ್ಟ್ರು ಹೇಳಿದ್ರು, ಪ್ರದರ್ಶನಕ್ಕಿಡೋಣ ತನ್ನಿ” ಎಂದು ಕಾರ್ಯದರ್ಶಿಗಳ ಫೋನೂ ಬಂತು.

ಹರ್ಕ್‌ಗೆ ಅಂಥ ಅಪ್ಪ, ನನಗೆ ಇಂಥ ಅಪ್ಪ. ಗೊತ್ತಿದ್ದದ್ದನ್ನು ಹಿಂದಿನ ಬೆಂಚಿಗೂ ಕೇಳುವಂತೆ ಗಟ್ಟಿಯಾಗಿ ಹೇಳುವುದು ಅವರ ಜನ್ಮದ ಅಭ್ಯಾಸ. ಕಾನ್ರಾಡ್ ಜಾನ್ಸನ್ ಅವರನ್ನು ಪಂಚಾಯಿತಿಗೆ ಕರೆದಿದ್ದರೆ ತೀರ್ಪು ಏನಾಗುತ್ತಿತ್ತೆಂದು ಹೇಳಬೇಕಾಗಿಲ್ಲ. ಆ ಮಕ್ಕಳಿಗೆ ತುತ್ತೂರಿ ಕೊಟ್ಟದ್ದು ಯಾರಿಗೂ ಕೇಳಿಸದಿರಲಿ ಎಂದಲ್ಲವಲ್ಲ.

ಅಂದಹಾಗೆ ನನ್ನ ಹತ್ತಿರ ಇನ್ನೊಂದು ಪ್ಲೇಟಿದೆ. ಅದ್ಭುತವಾದದ್ದು, ಇನ್ನೂ ಮರುಮುದ್ರಣವೂ ಆಗಿಲ್ಲ. ಹೆಸರನ್ನು ನಾನಂತೂ ಹೇಳುವವನಲ್ಲ. ಅಪ್ಪ ಬರುವ ಬೇಸಿಗೆಗೆ ಮತ್ತೆ ಬರುತ್ತಾರೆ, ಅವರನ್ನೇ ಕೇಳಿ.