ಹಾಲ್ಟಿಂಗ್ ಬಸ್ಸಿಲ್ಲದ ಊರು

ಯಾವ ಊರಿನ ಹೆಸರೆತ್ತಿದರೂ ನಮ್ಮಮ್ಮ ಕೇಳುವುದು ಎರಡೇ ಮಾತು: ಮನೆ ಎಷ್ಟು, ಬಸ್ಸು ಎಷ್ಟು? ನಾನು ಯೋಕೋಹಾಮಾಕ್ಕೆ ಬಂದ ವಾರವೇ ಫೋನಿನಲ್ಲಿ ಎರಡೂ ಬಂದವು. ನಗಬೇಡಿ. ಮಲೆನಾಡಿನ ನಮ್ಮೂರಿಗೆ ಇರುವುದು ಒಂದು ಹಾಲ್ಟಿಂಗ್ ಬಸ್ಸು. ರಾತ್ರಿ ಎಂಟಕ್ಕೆ ಬಂದು ದೇವಸ್ಥಾನದ ಮುಂದೆ ನಿಂತರೆ ಡ್ರೈವರು, ಕಂಡಕ್ಟರು ಜಗಲಿ ಮೇಲೆ ಮಲಗುತ್ತಾರೆ. ಬೆಳಗ್ಗೆ ಆರಕ್ಕೆ ಕಾಲೇಜು ಮಕ್ಕಳನ್ನೂ ಅಡಿಕೆ ಚೀಲವನ್ನೂ ತುಂಬಿಕೊಂಡು ಹೊರಡುತ್ತಾರೆ. ಹೆಣ್ಣು ಕೊಡಲು ಬಂದವರು ತೋಟ ನೋಡುವ ಮೊದಲು ಆ ಬಸ್ಸಿನ ಟೈಮು ಕೇಳುತ್ತಾರೆ.

"37 ಲಕ್ಷ ಜನ ಕಣಮ್ಮಾ" ಅಂದೆ. ಆ ಕಡೆ ಸದ್ದಿಲ್ಲ. ಅಷ್ಟು ಜನ ಅವಳ ಲೆಕ್ಕಕ್ಕೆ ಸಿಗುವುದಿಲ್ಲ. "ನೂರೆಪ್ಪತ್ತು ವರ್ಷದ ಹಿಂದೆ ನೂರು ಮನೆ ಇತ್ತಂತೆ, ಮೀನು ಹಿಡಿಯೋರು" ಅಂದೆ. "ಹಾಗನ್ನು!" ಅಂದಳು. ಊರು ಈಗ ಕಣ್ಣಿಗೆ ಕಟ್ಟಿತು.

ಬಸ್ಸಿನ ಸಂಗತಿಯೇ ನಿಜವಾದ ತಮಾಷೆ. ಯೋಕೋಹಾಮಾ ಅಂದರೆ ಅಡ್ಡ ಮರಳದಂಡೆ, ನಮ್ಮ ಅಡ್ಡಹೊಳೆ ಇದ್ದಹಾಗೆ. ಹೆಸರಿನಂತೆ ಊರೂ ದಾರಿ ಬಿಟ್ಟು ಅಡ್ಡಕ್ಕೇ ಬಿದ್ದಿತ್ತು. ಎಡೋದಿಂದ, ಅಂದರೆ ಈಗಿನ ಟೋಕಿಯೋದಿಂದ, ಕ್ಯೋಟೋಗೆ ಹೋಗುವ ಟೋಕೈಡೋ ಹೆದ್ದಾರಿ ಹಾದದ್ದು ಕೊಲ್ಲಿಯ ಆಚೆ ದಡದ ಕಾನಗಾವಾದಲ್ಲಿ. ಛತ್ರ, ಚಹದಂಗಡಿ, ದೊರೆಗಳ ಪಲ್ಲಕ್ಕಿ ಎಲ್ಲ ಅಲ್ಲಿ. 1858ರ ಒಪ್ಪಂದದಲ್ಲಿ ಅಮೆರಿಕದವರು ಬರೆಸಿಕೊಂಡದ್ದೂ ಕಾನಗಾವಾ ಬಂದರೇ. ಶೋಗುನ್ನನ ಅಧಿಕಾರಿಗಳಿಗೆ ದಿಗಿಲು: ಈ ಪರದೇಶದವರು ಹೆದ್ದಾರಿಯಲ್ಲಿ ಅಡ್ಡಾಡಿದರೆ ಸಮುರಾಯಿಗಳ ಕತ್ತಿ ಒರೆಯಲ್ಲಿ ಇದ್ದೀತೇ? "ಯೋಕೋಹಾಮಾನೂ ಕಾನಗಾವಾನೇ ಸ್ವಾಮಿ" ಎಂಬ ಧಾಟಿಯಲ್ಲಿ ಸಮಜಾಯಿಷಿ ಕೊಟ್ಟು, 1859ರ ಜುಲೈ 1ಕ್ಕೆ ಬಂದರನ್ನು ಇಲ್ಲಿ ತೆರೆದೇಬಿಟ್ಟರು. ಬೆಂಗಳೂರಿಗೆ ಅಂತ ಟಿಕೆಟ್ ಕೊಟ್ಟು ದೇವನಹಳ್ಳಿಯಲ್ಲಿ ಇಳಿಸುವ ವಿದ್ಯೆ ಆಗಲೇ ಇತ್ತು ನೋಡಿ! ರಾಯಭಾರಿಗಳು ಗೊಣಗಿದರು, ಹಡಗಿಗೆ ನೀರು ಆಳವಾಗಿದೆ ಅಂತ ವ್ಯಾಪಾರಿಗಳು ಮಾತ್ರ ಇಲ್ಲೇ ಅಂಗಡಿ ಹಾಕಿದರು. ಅಧಿಕಾರಿಗಳ ಭಯವೇನೂ ಸುಳ್ಳಲ್ಲ. 1862ರಲ್ಲಿ ಅದೇ ಹೆದ್ದಾರಿಯ ನಾಮಾಮುಗಿಯಲ್ಲಿ ಸಾತ್ಸುಮಾ ದೊರೆಮನೆಯ ಮೆರವಣಿಗೆಗೆ ಅಡ್ಡ ಸಿಕ್ಕ ಇಂಗ್ಲಿಷ್ ವ್ಯಾಪಾರಿ ರಿಚರ್ಡ್‌ಸನ್ ಕತ್ತಿಗೆ ಬಲಿಯಾದ.

ನಮ್ಮೂರಿನವರು ರಸ್ತೆಗಾಗಿ ಎಷ್ಟು ಮನವಿ ಕೊಟ್ಟಿದ್ದಾರೋ ಲೆಕ್ಕವಿಲ್ಲ. ಇವರಿಗೋ, ರಸ್ತೆ ಇಲ್ಲದ್ದೇ ಯೋಗ್ಯತೆಯಾಯಿತು.

"ಆ ನೂರು ಮನೆಯವರು ಏನಾದರು?" ಅಮ್ಮ ಬಿಡಲಿಲ್ಲ. 1860ರಲ್ಲಿ ಅವರನ್ನು ಪಕ್ಕದ ಗುಡ್ಡದ ಬುಡಕ್ಕೆ ಸಾಗಹಾಕಿದರು. ನಡುವೆ ಕಾಲುವೆಯನ್ನೂ ತೋಡಿದರು. "ಪಾಪ, ನಮ್ಮ ಮುಳುಗಡೆಯವರ ಹಾಗೆ" ಅಂದಳು. ಶರಾವತಿ ಕಡೆಯವರಿಗೆ ಆ ಪದ ಬಾಯಿಗೆ ಬರುವುದಕ್ಕೆ ಹೊತ್ತು ಬೇಡ. ಆ ಜಾಗ ಈಗಿನ ಮೊಟೊಮಾಚಿ. ಅಲ್ಲಿ ಒಂದು ಕೈಚೀಲದ ಬೆಲೆ ನೋಡಿ ನಾನು ಬರಿಗೈಯಲ್ಲಿ ವಾಪಸು ಬಂದಿದ್ದೇನೆ.

ಆಮೇಲೆ ರೇಷ್ಮೆ ಹಡಗೇರಿತು, ಸಿಂಧಿ ವ್ಯಾಪಾರಿಗಳೂ ಬಂದರು. 1872ರಲ್ಲಿ ಜಪಾನಿನ ಮೊದಲ ರೈಲುದಾರಿ ಶುರುವಾಗಿದ್ದು ಶಿಂಬಾಶಿಗೂ ಈ ಊರಿಗೂ ನಡುವೆ. ಬೆಂಗಳೂರಿಗೆ 1864ರಲ್ಲೇ ಜೋಲಾರಪೇಟೆಯಿಂದ ರೈಲು ಬಂದಿತ್ತು. ಇಲ್ಲಿನವರ ಮುಂದೆ ಜಂಬ ಕೊಚ್ಚಿಕೊಳ್ಳಲು ನನಗಿರುವುದು ಅದೊಂದೇ. ಈಗಿನ ರೈಲಿನ ಮಾತೆತ್ತದಿದ್ದರೆ ಆಯಿತು.

ಇಷ್ಟೆಲ್ಲ ಕೇಳಿಸಿಕೊಂಡು ಅಮ್ಮ, "ಕೊನೇ ಗಾಡಿ ಎಷ್ಟೊತ್ತಿಗೆ?" ಅಂದಳು. ನಡುರಾತ್ರಿ ದಾಟಿದ ಮೇಲೆ ನಿಂತುಹೋಗುತ್ತದೆ, ಬೆಳಗಿನ ಜಾವದವರೆಗೆ ಏನೂ ಇಲ್ಲ ಅಂದೆ.

"ಅಯ್ಯೋ, ಹಾಲ್ಟಿಂಗ್ ಬಸ್ಸಿಲ್ವೇನೋ ಅಲ್ಲಿಗೆ?"