ಕಲ್ಲೇಟು ಮೀಮಾಂಸೆ

ಕ್ರೀಡಾಪ್ರತಿಭೆ ಹುಟ್ಟಿನಿಂದ ಬರುವುದೋ ತರಬೇತಿಯಿಂದಲೋ ಎಂಬ ಜಟಿಲ ಪ್ರಶ್ನೆಯನ್ನು ಅಮೆರಿಕದ ಪಂಡಿತರು ಬೇಸ್‌ಬಾಲ್ ಮೈದಾನದಲ್ಲಿ ಕೂತು ಬಗೆಹರಿಸಲು ಹೋಗಿ ಸುಸ್ತಾಗಿದ್ದಾರೆ. ಅವರು ತುಮಕೂರಿನ ಮರಳೂರಿಗೆ ಬಂದಿದ್ದರೆ ಒಂದು ಮಧ್ಯಾಹ್ನದ ಕೆಲಸ.

ಪೂರ್ವಪಕ್ಷ ಕುಣಿಗಲ್ಲಿನದು. ಟಿಪ್ಪುವಿನ ಕಾಲದ್ದೆಂದು ಹೆಸರಾದ ಅಲ್ಲಿನ ಕುದುರೆ ಫಾರಂನಲ್ಲಿ ಹುಟ್ಟಿದ ರೇಸಿನ ಮರಿಗೆ, ಅದು ನೆಟ್ಟಗೆ ನಿಲ್ಲುವ ಮೊದಲೇ ವಂಶಾವಳಿ ಸಿದ್ಧ. ಜಗತ್ತಿನ ಥರೋಬ್ರೆಡ್‌ಗಳ ಪಿತೃವಂಶವೆಲ್ಲ ಇಂಗ್ಲೆಂಡಿಗೆ ಬಂದ ಮೂರೇ ಗಂಡು ಕುದುರೆಗಳಲ್ಲಿ ಹೋಗಿ ನಿಲ್ಲುತ್ತದೆ. ಗೋತ್ರದ ವಿಷಯದಲ್ಲಿ ನಮ್ಮ ಮದುವೆ ಬ್ರೋಕರುಗಳಿಗೂ ಇಷ್ಟು ಖಾತ್ರಿ ಇರುವುದಿಲ್ಲ. ಆದರೆ 2006ರಲ್ಲಿ ಅಮೆರಿಕದಲ್ಲಿ ‘ದಿ ಗ್ರೀನ್ ಮಂಕಿ’ ಎಂಬ ಮಹಾಕುಲೀನ ಕುದುರೆಯನ್ನು 1.6 ಕೋಟಿ ಡಾಲರ್ ತೆತ್ತು ಕೊಂಡರು. ಓಡಿದ್ದು 3 ರೇಸು, ಗೆದ್ದದ್ದು ಸೊನ್ನೆ. ತನ್ನ ವಂಶಾವಳಿಯನ್ನು ಪಾಪ, ಕುದುರೆ ಓದಿರಲಿಲ್ಲ.

ಪ್ರತಿಪಕ್ಷ ಹುಣಸೆಮರದ್ದು. ಕಾಯಿಗೆ ಕಲ್ಲು ಬೀಸುವ ಮರಳೂರಿನ ಹುಡುಗನನ್ನು ಹತ್ತಿರದಿಂದ ಅವಲೋಕಿಸತಕ್ಕದ್ದು. ಮೊದಲು ಕಲ್ಲನ್ನು ಅಂಗೈಯಲ್ಲಿ ತೂಗುತ್ತಾನೆ, ಮನಸ್ಸಿಗೆ ಬಾರದಿದ್ದರೆ ಬಿಸಾಡಿ ಬೇರೆಯದು ಹೆಕ್ಕುತ್ತಾನೆ. ಎಡಗಾಲು ಮುಂದೆ, ಮೊಣಕೈ ಹಿಂದೆ, ಸೊಂಟ ಒಂದು ಸುತ್ತು, ಕೊನೆಗೆ ಮಣಿಕಟ್ಟಿನ ಒಂದು ಝಾಡಿಕೆ. ಬೇಸ್‌ಬಾಲ್ ಪಿಚರ್ ಎಸೆಯಬೇಕಾದದ್ದು 60 ಅಡಿ 6 ಅಂಗುಲ ದೂರದಿಂದ. ಹುಣಸೆ ಕೊಂಬೆಗೆ ಇಂಥ ಶಿಸ್ತಿಲ್ಲ, ಸಾಲದ್ದಕ್ಕೆ ಮರದ ಯಜಮಾನರು ಹೊರಬರುವುದರೊಳಗೆ ಓಟವನ್ನೂ ಕೀಳಬೇಕು. ಹೊಡೆದು ಓಡುವ ಇದೇ ಶಾಸ್ತ್ರಕ್ಕೆ ಅಮೆರಿಕನ್ನರು ಸಂಬಳ ಕೊಡುತ್ತಾರೆ, ನಮ್ಮಲ್ಲಿ ಬೈಗುಳ.

ಇದಕ್ಕೆ ಪ್ರಮಾಣವುಂಟು. 2008ರ ‘ಮಿಲಿಯನ್ ಡಾಲರ್ ಆರ್ಮ್’ ಎಂಬ ಬೇಸ್‌ಬಾಲ್ ಎಸೆತದ ಸ್ಪರ್ಧೆಯಲ್ಲಿ ಸಿಕ್ಕ ರಿಂಕು ಸಿಂಗ್, ದಿನೇಶ್ ಪಟೇಲ್ ಇಬ್ಬರೂ ಉತ್ತರ ಪ್ರದೇಶದ ಈಟಿ ಎಸೆತಗಾರರು. ಬೇಸ್‌ಬಾಲ್ ಆಡಿಯೇ ಗೊತ್ತಿರದವರನ್ನು ಪಿಟ್ಸ್‌ಬರ್ಗ್ ಪೈರೇಟ್ಸ್ ಅದೇ ವರ್ಷ ಸೇರಿಸಿಕೊಂಡಿತು. ತೋಳು ಹುಟ್ಟಿನದು ಎಂದು ಒಂದು ಪಂಥ ಕುಣಿದರೆ, ಈಟಿ ಎಸೆದೆಸೆದು ಬಂದದ್ದು ಎಂದು ಇನ್ನೊಂದು ಕುಣಿಯಿತು. ಇಬ್ಬರೂ ಮೇಜರ್ ಲೀಗ್ ಮುಟ್ಟಲಿಲ್ಲ. ರಿಂಕು ಡಬ್ಲ್ಯುಡಬ್ಲ್ಯುಇ ಕುಸ್ತಿಗೆ ಹೋದಾಗ ಎರಡೂ ಪಂಥಗಳು ಮೌನ ವಹಿಸಿದವು.

ಇನ್ನು ಸಿದ್ಧಾಂತ. ಉಭಯ ಪಂಡಿತರೂ ಕೈಬಿಟ್ಟ ಮೂರನೆಯ ಕಾರಣವೊಂದಿದೆ, ಅದೇ ಶಿಫಾರಸು. 1988ರ ಬೇಸ್‌ಬಾಲ್ ಆಯ್ಕೆಯಲ್ಲಿ ಡಾಡ್ಜರ್ಸ್ ತಂಡ ಮೈಕ್ ಪಿಯಾಝಾನ ಹೆಸರು ಕರೆದದ್ದು 62ನೇ ಸುತ್ತಿನಲ್ಲಿ, 1390ನೆಯವನಾಗಿ, ಅದೂ ತಂಡದ ಮ್ಯಾನೇಜರ್ ಟಾಮಿ ಲಸೋರ್ಡಾ ಹುಡುಗನ ತಂದೆಗೆ ಸ್ನೇಹಿತರಾಗಿದ್ದ ದಾಕ್ಷಿಣ್ಯಕ್ಕೆ. ಬಾಸ್ಕೆಟ್‌ಬಾಲ್ ದೊರೆ ಮೈಕಲ್ ಜೋರ್ಡನ್ 1994ರಲ್ಲಿ ಬೇಸ್‌ಬಾಲ್‌ಗೆ ಬಂದು ಐದು ಸಲಕ್ಕೆ ಒಂದರಂತೆ ಹಿಟ್ ಹೊಡೆದರೂ (ಸರಾಸರಿ .202) ಯಾರೂ ಮನೆಗೆ ಕಳಿಸಲಿಲ್ಲ. ಎರಡು ಆಟದ ತಂಡಗಳಿಗೂ ಮಾಲೀಕರು ಒಬ್ಬರೇ.

ಪಿಯಾಝಾ ಹೊಡೆದ 427 ಹೋಂ ರನ್ನುಗಳೂ ಶಿಫಾರಸಿನವೇ, 2016ರಲ್ಲಿ ಹಾಲ್ ಆಫ್ ಫೇಮ್ ಸೇರಿದ್ದೂ ದಾಕ್ಷಿಣ್ಯದಿಂದಲೇ ಎಂದು ಆಕ್ಷೇಪ ಬರಬಹುದು. ಆಕ್ಷೇಪ ಗಟ್ಟಿ. ಆದರೆ ಲಸೋರ್ಡಾ ಇಲ್ಲದ ಅಪ್ಪಂದಿರ ಮಕ್ಕಳು ಎಷ್ಟು ಹೊಡೆಯುತ್ತಿದ್ದರು ಎಂಬ ಅಂಕಿಅಂಶ ಯಾವ ದಾಖಲೆಯಲ್ಲೂ ಸಿಗದು. ಆದ್ದರಿಂದ ಈ ಸಿದ್ಧಾಂತವನ್ನು ಹುಣಸೆಮರದ ಕೆಳಗಿನ ವಿದ್ವಾಂಸರೊಬ್ಬರ ಪರಾಮರ್ಶೆಗೆ ಒಪ್ಪಿಸಲಾಯಿತು. ಸಂಬಳದ ಪ್ರಸ್ತಾಪ ಬರುವವರೆಗೂ ಅವರು ಕಲ್ಲು ಆರಿಸುತ್ತಲೇ ಇದ್ದರು. ಆಮೇಲೆ ತಲೆಯೆತ್ತಿ ಕೇಳಿದರು: “ಅಣ್ಣಾ, ನಿಮ್ಗೆ ಅಲ್ಲಿ ಯಾರಾದ್ರೂ ಗೊತ್ತಾ?”