ಬಿಳಿ ಅಂದ್ರೆ ಯಾವ ಬಿಳಿ?

"4 ಲೀಟರ್ ಬಿಳಿ ಪೇಂಟ್ ಕೊಡಿ."

"ಯಾವ ಬಿಳಿ ಸಾರ್? ಮುತ್ತು, ಮಲ್ಲಿಗೆ, ದಂತ, ಹಿಮ?"

"ನಡುಮನೆಯ ಮೂರು ಗೋಡೆಗೆ ಬೇರೆ ಕಂಪನಿಯದು ಹೊಡೆಸಿದೀನಿ. ನಾಲ್ಕನೇದಕ್ಕೂ ಅದೇ ಬಿಳಿ ಬೇಕು."

"ಅವರ ಕೋಡ್ ನಮ್ಮ ಮಷೀನಿಗೆ ತಿಳಿಯಲ್ಲ. ಎಲ್ಲರ ಡಬ್ಬದಲ್ಲೂ ಟೈಟಾನಿಯಂ ಡೈಆಕ್ಸೈಡೇ. ಮೇಲೆ ಹಳದಿ, ಕಪ್ಪು ಎಷ್ಟೆಷ್ಟು ತೊಟ್ಟು ಅನ್ನೋದು ಅವರವರ ಲೆಕ್ಕ."

"ಶೇಡ್ ಕಾರ್ಡಲ್ಲಿ ಎರಡೂ ಒಂದೇ ಥರ ಇವೆಯಲ್ರೀ!"

"ಟ್ಯೂಬ್‌ಲೈಟ್ ಕೆಳಗೆ ಹಾಗೇ. ಬಿಸಿಲಿಗೆ ಹಿಡೀರಿ."

(ಹಿಡಿದರು. ಒಂದು ಹಳದಿಗೆ ವಾಲಿತು, ಇನ್ನೊಂದು ನೀಲಿಗೆ. ಗಿರಾಕಿ ಮಾತ್ರ ಪೂರ್ತಿ ಬಿಳಿಚಿಕೊಂಡರು.)

"ನಮ್ಮನೆಯವಳು ಕಂಡುಹಿಡೀತಾಳಾ?"

"ಅವರನ್ನ ಬಿಡಿ, ಮೊದಲು ಬೀಗರು ಕಂಡುಹಿಡೀತಾರೆ."

"ಸ್ಕ್ಯಾನ್ ಮಾಡ್ತಾರಂತಲ್ಲ?"

"ಮಾಡ್ತೀನಿ, ಹತ್ತಿರಕ್ಕೆ ಬರುತ್ತೆ. ಹೊಳಪು ಬೇರೆಯಾದ್ರೆ ಅದೂ ಹೋಯ್ತು. ನನ್ನ ಮಾತು ಕೇಳಿ, ನಾಲ್ಕೂ ಗೋಡೆಗೆ ನಮ್ಮದೇ ಹೊಡೆಸಿ. 20 ಲೀಟರ್ ಬಕೆಟ್ ಇದೆ."